ಜೂನ್ ಒಂಬತ್ತರಂದು ಹುಟ್ಟಿದವರು

ಏಪ್ರಿಲ್ 22, 1985, ಸೋಮವಾರ

ಇವತ್ತು ಬೆಳಿಗ್ಗೆ ಟೀ ಸಮಯಕ್ಕೆ ಸರಿಯಾಗಿ ಪರ್ಸನಲ್ ಆಫೀಸಿನ ಜವಾನ ನನ್ನ ಲೇತ್ ಹತ್ತಿರವೇ ಬಂದು ಒಂದು ಕವರು ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ‘ಶ್ರೀ ಹನುಮಂತರಾಯಪ್ಪ, ಟರ್ನರ್, ಟೂಲ್ ರೂಮ್. ಜನ್ಮ ದಿನಾಂಕ 9-6-1927. ತಮಗೆ ಐವತ್ತೆಂಟು ವರ್ಷ ತುಂಬುವುದರಿಂದ ಜೂನ್ 30ಕ್ಕೆ ಸೇವೆಯಿಂದ ನಿವೃತ್ತಿ.’ ಸುತ್ತ ಇದ್ದ ಹುಡುಗರು ಕೈ ಕುಲುಕಿದರು. “ಇನ್ಮೇಲೆ ಆರಾಮ್ ಬಿಡಿ ಯಜಮಾನ್ರೇ” ಅಂದ ಒಬ್ಬ. ನನಗೆ ಮೈಯೆಲ್ಲ ಉರಿಯಿತು.

ಏಕೆಂದರೆ ನನಗೆ ಐವತ್ತೆಂಟಲ್ಲ, ಐವತ್ತಾರು. ಕೆರೆ ಕೋಡಿ ಬಿದ್ದ ಮುಂದಿನ ವರ್ಷ ನೀನು ಹುಟ್ಟಿದ್ದು ಎಂದು ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು. ಅದು ಇಪ್ಪತ್ತೊಂಬತ್ತನೇ ಇಸವಿ. ಇಪ್ಪತ್ತೇಳು ಎಂದು ಬರೆದವರು ರಾಮಯ್ಯ ಮೇಷ್ಟ್ರು. ಆಗ ನಮ್ಮೂರಲ್ಲಿ ಯಾರ ಮಗ ಯಾವತ್ತು ಹುಟ್ಟಿದ ಎಂದು ಯಾರಿಗೂ ಗೊತ್ತಿರಲಿಲ್ಲ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದರೆ ಮೇಷ್ಟ್ರು ಒಂದೇ ಪರೀಕ್ಷೆ ಮಾಡುತ್ತಿದ್ದರು. ಬಲಗೈ ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಬರೆದುಕೊಳ್ಳುವುದು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನನ್ನ ಕೈ ಉದ್ದವಿದ್ದಿರಬೇಕು, ನಾಲ್ಕು ವರ್ಷಕ್ಕೇ ಮುಟ್ಟಿಬಿಟ್ಟಿತು. ಎಲ್ಲರಿಗೂ ಜೂನ್ ಒಂಬತ್ತು ಎಂದೇ ತಾರೀಖು ಹಾಕುತ್ತಿದ್ದರು. ಅದು ಯಾಕೋ ದೇವರಿಗೇ ಗೊತ್ತು. ದಾಖಲೆ ಪ್ರಕಾರ ನಮ್ಮೂರಿನ ಅರ್ಧ ಜನ ಒಂದೇ ದಿನ ಹುಟ್ಟಿದವರು.

ಅರವತ್ತೆರಡರಲ್ಲಿ ಈ ಕಾರ್ಖಾನೆಗೆ ನಮ್ಮ ಹೊಲ ಹೋಯಿತು. ಹೊಲ ಕೊಟ್ಟವರಿಗೆ ಕೆಲಸ ಎಂದರು, ಸೇರಿದೆ. ಈಗ ಟೂಲ್ ರೂಮ್ ಇರುವುದು ನಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ. ಜೂನ್ 30 ಆದಮೇಲೆ ಗೇಟಿನವನು ನನ್ನನ್ನು ಒಳಗೆ ಬಿಡುವುದಿಲ್ಲ. ಒಂದು ಸಲ ಅಲ್ಲಿಂದ ಎಬ್ಬಿಸಿದ್ದು ಸಾಲದೆ ಎರಡನೇ ಸಲ ಎಬ್ಬಿಸುತ್ತಿದ್ದಾರೆ, ಅದೂ ನನ್ನ ಎರಡು ವರ್ಷ ಕದ್ದು. ಇದನ್ನು ಕಾರ್ಖಾನೆಯಲ್ಲಿ ಹೇಳಿದರೆ ನಗುತ್ತಾರೆ. ಹೆಂಡತಿ ಭದ್ರಮ್ಮನಿಗೆ ಹೇಳಿದೆ. “ರಿಟೈರ್ ಆಗೋರೆಲ್ಲ ಅಂಗೇ ಅಂತಾರೆ” ಅಂದಳು. ಅದಕ್ಕೇ ಬೇರಿಂಗ್ ಕಂಪನಿಯವರು ಕೊಟ್ಟ ಡೈರಿಯನ್ನು ಹುಡುಕಿ ತೆಗೆದು ಬರೆಯುತ್ತಿದ್ದೇನೆ.

ಏಪ್ರಿಲ್ 29, ಸೋಮವಾರ

ಪರ್ಸನಲ್ ಆಫೀಸರ ಹತ್ತಿರ ಹೋಗಿ ನಿಂತೆ. ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಬಾಯಿ ಮಾತು ನಡೆಯುವುದಿಲ್ಲವಂತೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರೇ ಬದುಕಿದ್ದರೆ, ವಯಸ್ಸು ತಪ್ಪು ಬರೆದೆ ಎಂದು ಅವರು ಕೈಯಾರೆ ಬರೆದುಕೊಡಬೇಕು. ಜೊತೆಗೆ ಓದಿದವರೊಬ್ಬರು ಸಾಕ್ಷಿ ಹಾಕಬೇಕು. ಜೂನ್ 15ರ ಒಳಗೆ ಕೊಟ್ಟರೆ ವಿಚಾರಣೆ ಮಾಡುತ್ತಾರಂತೆ.

ಸಾಕ್ಷಿಗೆ ನಲ್ಲಪ್ಪ ಇದ್ದಾನೆ. ನಮ್ಮ ಕಾರ್ಖಾನೆಯದೇ ಪೇಂಟ್ ಶಾಪಿನವನು, ನನ್ನ ಜೊತೆ ಒಂದೇ ಹಲಗೆಯ ಮೇಲೆ ಕೂತು ಓದಿದವನು. ಮೇಷ್ಟ್ರು ಚಿಕ್ಕಬಾಣಾವರದಲ್ಲಿ ಸ್ಟೇಷನ್ನಿನ ಆಚೆ ಮಗಳ ಮನೆಯಲ್ಲಿದ್ದಾರೆ ಎಂದು ಅವನೇ ಹೇಳಿದ್ದು. “ಆದ್ರೆ ಲೋ ಅನ್ಮಂತ, ಓದ್ ವರ್ಸ ನಾಕ್ ಜನ ತಾರೀಕು ತಿದ್ದಿಸ್ಕೊಳಕ್ಕೆ ಓಗಿದ್ರಂತೆ. ಮೇಷ್ಟ್ರು ಬಾಕ್ಲಲ್ಲೇ ನಿಲ್ಸಿ ಉಗ್ದು ಕಳ್ಸವ್ರೆ. ಸುಳ್ ಬರ್ಸಕ್ ಬಂದ್ರಾ ಅಂತ.”

ನನ್ನದು ಸುಳ್ಳಲ್ಲ. ಆದರೆ ಆ ನಾಲ್ಕು ಜನವೂ ಅದನ್ನೇ ಹೇಳಿರುತ್ತಾರೆ.

ಮೇ 5, ಭಾನುವಾರ

ಏನು ಮಾಡಿಬಿಟ್ಟೆ ಎಂದು ಬರೆಯಲೂ ನಗು ಬರುತ್ತಿದೆ.

ಎಂಟು ಗಂಟೆಗೆ ಸೈಕಲ್ ತೆಗೆದುಕೊಂಡು ಚಿಕ್ಕಬಾಣಾವರಕ್ಕೆ ಹೋದೆ. ಮೇಷ್ಟ್ರು ಜಗುಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಎಪ್ಪತ್ತಾರು ವರ್ಷ, ಬೆನ್ನು ಇನ್ನೂ ನೆಟ್ಟಗಿದೆ. ನನ್ನನ್ನು ನೋಡಿದವರೇ ಕನ್ನಡಕ ಮೇಲೆ ಮಾಡಿ, “ಹನುಮಂತರಾಯ ಅಲ್ವೇನಯ್ಯ” ಅಂದರು. ನಲವತ್ತು ವರ್ಷದ ಮೇಲೆ. ಆಮೇಲೆ ಮುಖ ಗಂಟು ಹಾಕಿಕೊಂಡು, “ಏನು ಬಂದಿದ್ದು? ನೀನೂ ತಾರೀಖಿನ ವಿಷಯಕ್ಕೇನಾ?” ಅಂದರು.

ಶರ್ಟಿನ ಜೇಬಿನಲ್ಲಿ ಖಾಲಿ ಕಾಗದ, ಪೆನ್ನು ಎರಡೂ ಇದ್ದವು. ಐವತ್ತಾರು ವರ್ಷದ ನಾನು ಒಂದನೇ ತರಗತಿಯವನ ಹಾಗೆ ಹೆದರಿ, “ಇಲ್ಲ ಮೇಷ್ಟ್ರೇ. ಹಳೇ ಹುಡುಗ್ರೆಲ್ಲ ಒಂದಿನ ಸ್ಕೂಲಲ್ಲಿ ಸೇರೋಣ ಅಂತ ಇದೀವಿ. ತಾವು ಬರ್ಬೇಕು ಅಂತ ಕರೆಯೋಕೆ ಬಂದೆ” ಅಂದುಬಿಟ್ಟೆ.

ಎಲ್ಲಿಂದ ಬಂತೋ ಆ ಮಾತು. ಮೇಷ್ಟ್ರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. “ಯಾವತ್ತು?” ಅಂದರು. “ಜೂನ್ ಒಂಬತ್ತು” ಅಂದೆ, ಬಾಯಿಗೆ ಬಂದದ್ದು ಅದೇ. ಅವರು “ಆವತ್ತೇನಾ” ಅಂತ ನಕ್ಕರು. ಮಗಳನ್ನು ಕರೆದು ಕಾಫಿ ತರಿಸಿದರು. ಆಮೇಲೆ ಶುರುವಾಯಿತು ನೋಡಿ. ಆವಲಪ್ಪ ಬರ್ತಾನಾ? ಬಳಪ ತಿಂತಿದ್ದನಲ್ಲ. ಮೇಕೆ ಹುಡುಗಿ ಚಿಕ್ಕಮುನಿಯಮ್ಮ ಎಲ್ಲಿದಾಳೆ? ಹೆಸರಿನ ಮೇಲೆ ಹೆಸರು. ನಾನು ಎಲ್ಲದಕ್ಕೂ “ಬರ್ತಾರೆ ಮೇಷ್ಟ್ರೇ” ಅನ್ನುತ್ತಾ ಹೋದೆ.

ವಾಪಸ್ ಬರುವಾಗ ರೈಲ್ವೆ ಗೇಟಿನ ಹತ್ತಿರ ತಲೆ ಓಡಿತು. ಇದು ಒಳ್ಳೆಯದೇ ಆಯಿತು. ಎಲ್ಲರೂ ಸೇರುತ್ತಾರೆ, ಹಾರ, ಪೇಟ, ಶಾಲು, ನಾಲ್ಕು ಒಳ್ಳೆಯ ಮಾತು. ಮೇಷ್ಟ್ರ ಮನಸ್ಸು ಕರಗಿದಾಗ ಎಲ್ಲರ ಎದುರಿಗೇ ಕಾಗದ ಮುಂದಿಟ್ಟರೆ ಹೇಗೆ ಇಲ್ಲ ಅನ್ನುತ್ತಾರೆ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೇ 7, ಮಂಗಳವಾರ

ನಲ್ಲಪ್ಪನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. “ಕಳ್ ನನ್ಮಗ್ನೆ” ಅಂದ. ಆಮೇಲೆ, “ಮುದ್ದೆ ಬಸ್ಸಾರು ಮಾಡ್ಸಾಣ. ನಂಗೆ ಬುಡು ಅಡ್ಗೆ ಕೆಲ್ಸ” ಅಂದ. ಉತ್ಸಾಹ ನನಗಿಂತ ಅವನಿಗೇ ಜಾಸ್ತಿ.

ಮೇ 12, ಭಾನುವಾರ

ಬೆಳಿಗ್ಗೆಯಿಂದ ಸಂಜೆವರೆಗೆ ಜನ ಹುಡುಕಿದೆವು. ಊರು ಎಂದರೆ ಈಗ ಎಲ್ಲಿದೆ ಊರು? ಎಲ್ಲಿ ನೋಡಿದರೂ ಶೆಡ್ಡು, ಪ್ಲೇಟಿಂಗ್ ವಾಸನೆ, ಲಾರಿ. ಹುಣಸೆ ತೋಪಿದ್ದ ಕಡೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿ. ಆದರೂ ಮನೆ ಮನೆಗೆ ಹೋದರೆ ಒಳಗಿನಿಂದ ಅದೇ ಹಳೆಯ ಮುಖಗಳು ಹೊರಗೆ ಬಂದವು.

ಚಿಕ್ಕಮುನಿಯಮ್ಮ ನಮ್ಮ ತರಗತಿಗೆ ಇದ್ದ ಒಬ್ಬಳೇ ಹುಡುಗಿ. ಮೇಕೆ ಕಾಯುವುದನ್ನು ಬಿಡಿಸಿ ಮೇಷ್ಟ್ರೇ ಕರೆತಂದಿದ್ದರು, ಮೇಕೆಯೂ ಜೊತೆಗೆ ಬರುತ್ತಿತ್ತು. ಈಗ ಅವಳು ಇಪ್ಪತ್ತು ಕೋಣೆಯ ವಠಾರಕ್ಕೆ ಯಜಮಾನಿ. ಬಾಡಿಗೆಗಿರುವ ಫ್ಯಾಕ್ಟರಿ ಹುಡುಗರು ಅವಳ ದನಿ ಕೇಳಿದರೆ ನಲ್ಲಿ ನಿಲ್ಲಿಸುತ್ತಾರೆ. ನಮ್ಮನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು, “ಏನ್ರೋ, ಒಬ್ನು ಉದ್ದ, ಒಬ್ನು ಗಿಡ್ಡ, ಇನ್ನೂ ಜೊತೇಲೇ ಅಡ್ಡಾಡ್ತಾ ಇದೀರಾ” ಅಂದಳು.

ನಲ್ಲಪ್ಪ ಗಿಡ್ಡ, ನಿಜ. ಅವನಿಗೆ ಆರು ವರ್ಷ ತುಂಬಿದಾಗ ಅವನ ಕೈ ಕಿವಿ ಮುಟ್ಟಲಿಲ್ಲ. ವಾಪಸ್ ಕಳಿಸಿದರು. ಮರುವರ್ಷವೂ ಮುಟ್ಟಲಿಲ್ಲ. ಎಂಟು ತುಂಬಿದ ಮೇಲೆ ಮುಟ್ಟಿತು, ಆಗ ಆರು ಎಂದು ಬರೆದುಕೊಂಡರು. ನಾನು ನಾಲ್ಕಕ್ಕೇ ಸೇರಿ, ಅಕ್ಷರ ಹತ್ತದೆ ಒಂದನೇ ತರಗತಿಯಲ್ಲೇ ಎರಡು ವರ್ಷ ನಿದ್ದೆ ಮಾಡಿದ್ದೆ. ಹಾಗೆ ಜೊತೆಯಾದೆವು. ಚಿಕ್ಕಮುನಿಯಮ್ಮ ಇದನ್ನೆಲ್ಲ ನಿನ್ನೆ ನಡೆದಂತೆ ಹೇಳುತ್ತಾ, ಮಧ್ಯದಲ್ಲಿ ಹದಿನೇಳರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ನನಗೂ ನಲ್ಲಪ್ಪನಿಗೂ ಹದಿನೇಳೈದಲೇ ಆಚೆಗೆ ಬರಲಿಲ್ಲ.

ಹನ್ನೆರಡು ಜನ ಸಿಕ್ಕರು. ಕಾಲು ಬಿದ್ದುಹೋಗಿವೆ, ಆದರೂ ಏನೋ ಖುಷಿ.

ಮೇ 23, ಗುರುವಾರ

ಹತ್ತೊಂಬತ್ತು ಜನ ಆದರು. ಇವತ್ತು ಶಿಫ್ಟ್ ಮುಗಿದ ಮೇಲೆ ನಲ್ಲಪ್ಪ ಬರಲಿಲ್ಲ. ಹೆಂಡತಿ ಅಂಜಿನಮ್ಮನನ್ನು ಕಾರ್ಖಾನೆಯ ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗಿದ್ದ. ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್ ಬೇಕು, ಔಷಧಿಯೆಲ್ಲ ಡಿಸ್ಪೆನ್ಸರಿಯಿಂದಲೇ. ಕಾಲಿನ ಹುಣ್ಣು ಈಗೀಗ ಮಾಗುತ್ತಿದೆಯಂತೆ. “ನಂಗಿನ್ನೂ ಎಲ್ಡು ವರ್ಸ ಸರ್ವೀಸ್ ಐತೆ. ಅಷ್ಟೊತ್ಗೆ ಅವ್ಳು ಎದ್ದು ಓಡಾಡ್ತಾಳೆ ಅಂತ ಡಾಕ್ಟ್ರು ಅಂದವ್ರೆ” ಅಂದ.

ಜೂನ್ 2, ಭಾನುವಾರ

ಶಾಲೆಯ ಬೀಗದ ಕೈ ಕೊಟ್ಟರು ಹೆಡ್‌ಮಿಸ್ಸು. ಅದೇ ಹೆಂಚಿನ ಕಟ್ಟಡ, ಹಿಂದೆ ಮುಂದೆ ಎರಡು ಕೋಣೆ ಸೇರಿಸಿದ್ದಾರೆ ಅಷ್ಟೆ. ಗುಡಿಸಲು ಹೋದವರು ಆರು ಜನ, ಗುಡಿಸಿದ್ದು ಅರ್ಧ ಗಂಟೆ, ಮಾತಾಡಿದ್ದು ನಾಲ್ಕು ಗಂಟೆ.

ಆವಲಪ್ಪ ಬಳಪ ತಿನ್ನುವುದನ್ನು ಬಿಡಿಸಲು ಮೇಷ್ಟ್ರು ಅದಕ್ಕೆ ಬೇವಿನ ಸೊಪ್ಪಿನ ರಸ ಹಚ್ಚಿಟ್ಟಿದ್ದರಂತೆ, ಅವನು ಅದನ್ನೂ ತಿಂದನಂತೆ. ಇನ್ಸ್‌ಪೆಕ್ಟರು ಬರುವ ದಿನ ಹಾಜರಿ ಕಡಿಮೆ ಇದೆಯೆಂದು ಪಕ್ಕದೂರಿಂದ ಎಂಟು ಮಕ್ಕಳನ್ನು ಎರವಲು ತಂದದ್ದು, ಅವರಲ್ಲೊಬ್ಬ ‘ನಿನ್ನ ಹೆಸರೇನು’ ಅಂದಾಗ ಹೇಳಿಕೊಟ್ಟ ಹೆಸರು ಮರೆತು ‘ನಮ್ಮೂರಿಗೆ ಹೋಗ್ಬೇಕು’ ಎಂದು ಅತ್ತದ್ದು. ಅಷ್ಟರಲ್ಲಿ ಚಿಕ್ಕಮುನಿಯಮ್ಮನ ಮೇಕೆ ಇನ್ಸ್‌ಪೆಕ್ಟರ ಕೊರಳಿಗೆ ಹಾಕಬೇಕಿದ್ದ ಹಾರವನ್ನು ತಿಂದು ಮುಗಿಸಿದ್ದು. “ಪಾಪ, ಅದುಕ್ಕೇನ್ ಗೊತ್ತು ಯಾರು ಇನ್ಸ್‌ಪೆಟ್ರು ಅಂತ” ಎಂದು ಇವತ್ತಿಗೂ ಚಿಕ್ಕಮುನಿಯಮ್ಮ ಮೇಕೆಯ ಕಡೆಯೇ. ನಕ್ಕು ನಕ್ಕು ಪಕ್ಕೆ ನೋವು ಬಂತು. ಮನೆಗೆ ಬಂದು ಭದ್ರಮ್ಮನಿಗೆ ಎಲ್ಲವನ್ನೂ ಮತ್ತೆ ಹೇಳಿದೆ. “ನಿಮ್ಮನ್ನ ಇಂಗೆ ನೋಡೇ ಇರ್ಲಿಲ್ಲ” ಅಂದಳು.

ಕಾಗದ ಹೇಗೆ ಬರೆಸಬೇಕೆಂದು ಯಶವಂತಪುರದ ವಕೀಲರನ್ನು ಕೇಳಬೇಕಿತ್ತು, ಇವತ್ತೇ ಬರಲು ಹೇಳಿದ್ದರು. ಮರೆತುಹೋಯಿತು.

ಜೂನ್ 8, ಶನಿವಾರ

ಮೂವತ್ತೊಂದು ಜನ. ಪೇಟ ಬಂತು, ಶಾಲು ಬಂತು. ಶ್ಯಾಮಿಯಾನದವನು ಕೈಕೊಟ್ಟ, ಶಾಲೆಯ ಹೊಂಗೆ ಮರದ ನೆರಳೇ ಸಾಕು ಎಂದು ತೀರ್ಮಾನ. ಆವಲಪ್ಪ ಎರಡು ದೊಡ್ಡ ಹಲಸಿನ ಹಣ್ಣು ಕಳಿಸಿದ್ದಾನೆ, ಮನೆಯೆಲ್ಲ ಘಮ್ಮೆನ್ನುತ್ತಿದೆ. ಭದ್ರಮ್ಮ ನನ್ನ ಬಿಳಿ ಶರ್ಟಿಗೆ ಇಸ್ತ್ರಿ ಮಾಡಿದಳು. ಜೇಬಿನಲ್ಲಿ ಕಾಗದ ಇಟ್ಟುಕೊಂಡಿದ್ದೇನೆ.

ಜೂನ್ 9, ಭಾನುವಾರ

ಎಲ್ಲಿಂದ ಶುರು ಮಾಡಲಿ.

ಮೇಷ್ಟ್ರನ್ನು ಆವಲಪ್ಪನ ಮೆಟಡೋರ್ ವ್ಯಾನಿನಲ್ಲಿ ಕರೆತಂದೆವು. ಇಳಿದವರು ಹಾರಕ್ಕೂ ನಿಲ್ಲದೆ ನೇರವಾಗಿ ಒಳಗೆ ಹೋಗಿ ಮೇಜಿನ ಹಿಂದೆ ನಿಂತರು. ನಾವು ಮೂವತ್ತೊಂದು ಜನ ವಯಸ್ಸಾದವರು, ಯಾರೂ ಹೇಳದಿದ್ದರೂ ನೆಲದ ಮೇಲೆ ಕೂತುಬಿಟ್ಟೆವು. ಚಿಕ್ಕಮುನಿಯಮ್ಮ ಕೂರುವಾಗ ಮಂಡಿ ಲಟಕ್ಕೆಂದಿತು.

ಮೇಷ್ಟ್ರು ಹಾಜರಿ ಕರೆದರು. ಪುಸ್ತಕವಿಲ್ಲ, ಎಲ್ಲ ನೆನಪಿನಿಂದ. ಒಬ್ಬೊಬ್ಬರೂ ಎದ್ದು “ಹಾಜರ್ ಮೇಷ್ಟ್ರೇ” ಅಂದೆವು. “ಬೈರಪ್ಪ” ಅಂದರು. ಬೈರಪ್ಪ ಹೋಗಿ ಒಂಬತ್ತು ವರ್ಷವಾಯಿತು. ಚಿಕ್ಕಮುನಿಯಮ್ಮ ಕೂತಲ್ಲಿಂದಲೇ, “ಅವ್ನು ರಜಾ ಮೇಷ್ಟ್ರೇ” ಅಂದಳು. ಮೇಷ್ಟ್ರು ತಲೆಯಾಡಿಸಿ ಮುಂದಿನ ಹೆಸರು ಕರೆದರು. ಆಮೇಲೆ ಇನ್ನೂ ಏಳು ಜನ ರಜಾ ಇದ್ದರು.

ಪೇಟ ತೊಡಿಸಿದೆವು, ಶಾಲು ಹೊದಿಸಿದೆವು. ಈ ಜೂನ್ ಒಂಬತ್ತು ಎಲ್ಲಿಂದ ಬಂತು ಎಂದು ನಲ್ಲಪ್ಪ ಕೇಳಿಯೇಬಿಟ್ಟ. “ನಾನು ಈ ಊರಿಗೆ ಕೆಲಸಕ್ಕೆ ಬಂದ ದಿನ ಕಣಯ್ಯ. ನೀವು ಯಾವತ್ತು ಹುಟ್ಟಿದಿರೋ ನಿಮ್ಮಪ್ಪ ಅಮ್ಮನಿಗೇ ಗೊತ್ತಿರಲಿಲ್ಲ. ನನಗೆ ಮರೆಯದೆ ಇರೋ ತಾರೀಖು ಒಂದೇ ಇತ್ತು” ಅಂದರು ಮೇಷ್ಟ್ರು. ಹಾಗಾದರೆ ಇವತ್ತು ಎಲ್ಲರದ್ದೂ ಹುಟ್ಟುಹಬ್ಬ ಎಂದು ಗದ್ದಲವೋ ಗದ್ದಲ. ಆವಲಪ್ಪ ಹಲಸಿನ ತೊಳೆಯನ್ನು ಎಲ್ಲರ ಬಾಯಿಗೂ ಇಡುತ್ತಾ ಬಂದ.

ಕೈ ಪರೀಕ್ಷೆ ಇನ್ನೊಂದು ಸಲ ಆಗಲಿ ಎಂದು ಯಾರೋ ಕೂಗಿದರು. ಸಾಲಾಗಿ ನಿಂತೆವು. ನಲ್ಲಪ್ಪನ ಕೈ ಈಗ ಸಲೀಸಾಗಿ ಮುಟ್ಟಿತು, ಅವನು ಅದನ್ನು ಎಲ್ಲರಿಗೂ ತಿರುಗಿ ತಿರುಗಿ ತೋರಿಸಿದ. ನನ್ನ ಸರದಿ. ಇಪ್ಪತ್ತಮೂರು ವರ್ಷ ಲೇತ್ ತಿರುಗಿಸಿದ ಭುಜ, ಮೇಲೇಳಲಿಲ್ಲ. ಬೆರಳು ಕಿವಿಯಿಂದ ಎರಡಂಗುಲ ದೂರದಲ್ಲೇ ನಿಂತಿತು. ಎಲ್ಲರೂ ನಗುತ್ತಿದ್ದಾರೆ. ಮೇಷ್ಟ್ರು ಹತ್ತಿರ ಬಂದು ನನ್ನ ತಲೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಬಲಕ್ಕೆ ಬಾಗಿಸಿದರು. ಬೆರಳು ಕಿವಿಗೆ ತಾಗಿತು.

“ಅವತ್ತೂ ಹೀಗೇ ಮಾಡಿದ್ದು” ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. “ನಿನ್ನ ಕೈ ಉದ್ದ ಏನೂ ಇರಲಿಲ್ಲ ಕಣಯ್ಯ. ನಾಲ್ಕು ವರ್ಷದ ಮಗು, ಎಲ್ಲಿಂದ ಮುಟ್ಟಬೇಕು? ನಿಮ್ಮಪ್ಪ ಸತ್ತಿದ್ದ, ಹೊಲ ಬೀಳು ಬಿದ್ದಿತ್ತು. ನಿಮ್ಮವ್ವ ರೈಲು ಕಂಬಿಗೆ ಜಲ್ಲಿ ಹೊರೋ ಕೆಲಸಕ್ಕೆ ಹೋಗ್ತಿದ್ಲು. ನಿನ್ನನ್ನು ಸೀರೆ ತುಂಡಲ್ಲಿ ಮರಕ್ಕೆ ಕಟ್ಟಿ ಹೋಗ್ತಿದ್ಲು. ನಾನು ದಿನಾ ಅದೇ ದಾರಿಲಿ ಬರ್ತಿದ್ದೆ, ದಿನಾ ನೀನು ಅಳ್ತಿದ್ದೆ. ಆರು ಅಂತ ಬರೆದ್ರೆ ಶಾಲೆ ಒಳಗೆ ಕೂರಬಹುದಲ್ಲ ಅಂತ ಬರೆದೆ. ಎರಡು ವರ್ಷ ನೀನು ಆ ಮೂಲೇಲಿ ಮಲಗಿ ನಿದ್ದೆ ಮಾಡಿದೆ. ಎಬ್ಬಿಸಬೇಡಿ ಅಂತ ಹೇಳಿದ್ದೆ.”

ನನಗೆ ಮರ ನೆನಪಿಲ್ಲ, ಸೀರೆಯ ತುಂಡು ನೆನಪಿಲ್ಲ. ಈ ಮನುಷ್ಯ ನನ್ನ ಎರಡು ವರ್ಷ ಕದ್ದ ಎಂದು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡು ತಿರುಗಿದವನು ನಾನು. ಬಹಳ ನಾಚಿಕೆಯಾಯಿತು. ಅವರ ಕಾಲು ಮುಟ್ಟಿದೆ. ಅತ್ತೂಬಿಟ್ಟೆ. ಜೇಬಿನ ಕಾಗದವನ್ನು ಇನ್ನು ಹೊರಗೆ ತೆಗೆಯುವುದು ಬೇಡ ಎಂದು ಅನ್ನಿಸಿತು.

ತೆಗೆಸಿದವನು ನಲ್ಲಪ್ಪ. “ಮೇಷ್ಟ್ರೇ, ಇವ್ನು ಬಾಯ್ಬಿಡಲ್ಲ, ನಾನೇ ಯೋಳ್ತೀನಿ. ಈ ತಿಂಗ್ಳು ಇವ್ನಿಗೆ ರಿಟೈರ್ಮೆಂಟು. ಎಲ್ಡು ವರ್ಸ ಮುಂಚೆನೇ ಮನೆಗ್ ಕಳುಸ್ತಾವ್ರೆ.” ಮೇಷ್ಟ್ರು ನನ್ನ ಮುಖ ನೋಡಿದರು. “ಅವತ್ತು ಮನೆಗೆ ಬಂದಿದ್ದು ಇದಕ್ಕೇನಾ?” ಅಂದರು. ಹೌದು ಅಂದೆ. ಬೈಯುತ್ತಾರೆ ಎಂದುಕೊಂಡೆ. ಅವರು ಪೆನ್ನು ಕೇಳಿದರು.

“ನಿಜ ಹೇಳೋಕೆ ನನಗೇನು ಭಯ? ಸುಳ್ಳು ಬರೆಸೋಕೆ ಬಂದವರನ್ನು ಓಡಿಸಿದ್ದು. ಬರೆದ್ರೆ ಪೂರ್ತಿ ಬರೀತೀನಿ, ಅರ್ಧ ಬರೆಯೋ ಅಭ್ಯಾಸ ನನಗಿಲ್ಲ” ಎಂದು ಮೇಜಿನ ಮೇಲೆ ಕಾಗದ ಹರಡಿಕೊಂಡು ಎರಡೂ ಬದಿ ತುಂಬ ಬರೆದರು. ನಲ್ಲಪ್ಪ ಕೆಳಗೆ ತಾನೂ ನಾಲ್ಕು ಸಾಲು ಬರೆದು ಸಹಿ ಹಾಕಿದ. ಚಪ್ಪಾಳೆಯೋ ಚಪ್ಪಾಳೆ. ಓದಲು ಕಣ್ಣೇ ಕಾಣುತ್ತಿರಲಿಲ್ಲ, ಮಡಿಸಿ ಜೇಬಿಗಿಟ್ಟುಕೊಂಡೆ.

ಮುದ್ದೆ, ಬಸ್ಸಾರು, ಶಾವಿಗೆ ಪಾಯಸ. ನಾನು ಮೂರು ಮುದ್ದೆ ತಿಂದೆ. ಚಿಕ್ಕಮುನಿಯಮ್ಮ ಮೇಷ್ಟ್ರಿಗೆ ಮಗ್ಗಿ ಒಪ್ಪಿಸಿದಳು, ಮೇಷ್ಟ್ರು ಅವಳ ಬೆನ್ನು ತಟ್ಟಿದರು, ಅವಳು ನಾಚಿಕೊಂಡಳು. ಅರವತ್ತರ ಹತ್ತಿರದ ಹೆಂಗಸು ನಾಚುವುದನ್ನು ನೋಡಬೇಕಿತ್ತು. ಮುಂದಿನ ವರ್ಷವೂ ಇದೇ ದಿನ ಸೇರುವುದು ಎಂದಾಯಿತು. ನನಗೆ ಇನ್ನೂ ಎರಡು ವರ್ಷ ಸಿಕ್ಕಿತು. ಇಂಥ ಒಂದು ದಿನ ನನ್ನ ಜೀವಮಾನದಲ್ಲಿ ಬಂದಿರಲಿಲ್ಲ.

ಜೂನ್ 11, ಮಂಗಳವಾರ

ಹನ್ನೊಂದಕ್ಕೆ ಬರಲು ಪರ್ಸನಲ್ ಆಫೀಸರು ಹೇಳಿದ್ದರು. ಹತ್ತೂವರೆಗೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಹೊತ್ತು ಹೋಗಲೆಂದು ಕಾಗದ ಬಿಡಿಸಿ ಮೊದಲ ಸಲ ಓದಿದೆ.

ಮೇಷ್ಟ್ರ ಅಕ್ಷರ ಈಗಲೂ ಮುತ್ತಿನ ಹಾಗಿದೆ. ನನ್ನ ವಿಷಯ ಪೂರ್ತಿ ಬರೆದು, ಹಾಳೆ ತಿರುಗಿಸಿದರೆ ಹೀಗಿದೆ: ‘ಅದೇ ದಿನ ಆರು ವರ್ಷ ತುಂಬಿದ್ದ ನಲ್ಲಪ್ಪನೆಂಬ ಬಾಲಕನನ್ನು ಕೈ ಮುಟ್ಟಲಿಲ್ಲವೆಂದು ಹಿಂದಕ್ಕೆ ಕಳುಹಿಸಿದೆ. ಎರಡು ವರ್ಷದ ನಂತರ ಸೇರಿಸಿಕೊಂಡು ಆರು ಎಂದು ಬರೆದೆ. ಇದೂ ನನ್ನ ತಪ್ಪು.’ ಕೆಳಗೆ ನಲ್ಲಪ್ಪನ ಕೋಳಿಕಾಲು ಅಕ್ಷರ: ‘ಮೇಲೆ ಬರೆದಿರುವುದು ಸತ್ಯ. ಹನುಮಂತರಾಯ ನನಗಿಂತ ಎರಡು ವರ್ಷ ಚಿಕ್ಕವನು. ನಾನು ಇಪ್ಪತ್ತೇಳನೇ ಇಸವಿಯಲ್ಲಿ ಹುಟ್ಟಿದವನು. ನಲ್ಲಪ್ಪ, ಪೇಂಟ್ ಶಾಪ್.’

ನಾಲ್ಕು ಸಲ ಓದಿದೆ. ಕೆಳಗೆ ಕಾರ್ಖಾನೆಯ ಟೋಕನ್ ನಂಬರನ್ನೂ ಹಾಕಿದ್ದಾನೆ ಪುಣ್ಯಾತ್ಮ.

ಇಪ್ಪತ್ತೇಳರಲ್ಲಿ ಹುಟ್ಟಿದವನಿಗೆ ಈ ತಿಂಗಳು ಐವತ್ತೆಂಟು. ಈ ಕಾಗದ ಒಳಗೆ ಹೋದರೆ ನಾನು ಲೇತ್ ಹತ್ತಿರ ಉಳಿಯುತ್ತೇನೆ, ಅವನು ಗೇಟಿನ ಆಚೆ ಹೋಗುತ್ತಾನೆ. ಅಂಜಿನಮ್ಮನ ಇಂಜೆಕ್ಷನ್ನೂ ನಿಲ್ಲುತ್ತದೆ. ನನಗೆ ಸಹಾಯ ಮಾಡುವ ಖುಷಿಯಲ್ಲಿ ಅವನಿಗೆ ಇದು ಹೊಳೆದೇ ಇಲ್ಲ.

ಅವನ ಹೆಸರು ಬಿಟ್ಟು ಬರೆಯಿರಿ ಎಂದು ಮೇಷ್ಟ್ರನ್ನು ಕೇಳಬಹುದಿತ್ತು. ಅರ್ಧ ನಿಜ ಅವರು ಬರೆಯುವುದಿಲ್ಲ, ಬರೆಯಿರಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಬರೆದರು ಎಂದೇ ಇಟ್ಟುಕೊಂಡರೂ ವಿಚಾರಣೆ ಎಂದು ಕರೆದರೆ ಮೊದಲು ಓಡಿ ಬಂದು ಎಲ್ಲ ಹೇಳುವವನು ನಲ್ಲಪ್ಪನೇ.

ಜವಾನ ನನ್ನ ಹೆಸರು ಕೂಗಿದ. ಎದ್ದೆ, ಹೊಟ್ಟೆ ಸರಿಯಿಲ್ಲ, ಆಮೇಲೆ ಬರುತ್ತೇನೆ ಎಂದು ಹೇಳಿ ಟೂಲ್ ರೂಮಿಗೆ ವಾಪಸ್ ಬಂದೆ. ದುಃಖವಾಯಿತು, ಸುಳ್ಳು ಯಾಕೆ ಬರೆಯಲಿ. ಲೇತ್ ಮೇಲೆ ತಿರುಗಿಸುತ್ತಿದ್ದ ಒಂದು ಬುಷ್ ಹಾಳು ಮಾಡಿದೆ. ಎಷ್ಟೋ ವರ್ಷದಿಂದ ಹಾಗೆ ಮಾಡಿದ್ದಿಲ್ಲ.

ಊಟದ ಹೊತ್ತಿಗೆ ನಲ್ಲಪ್ಪ ಬಂದು ಕೇಳಿದ. ಜೂನ್ 15ರ ಗಡುವು ಅವನಿಗೆ ಗೊತ್ತಿರಲಿಲ್ಲ, ಅವಧಿ ಮುಗಿದಿದೆ ಅಂದರು ಎಂದೆ. ಅವನು ಆಫೀಸಿನವರ ವಂಶವನ್ನೆಲ್ಲ ಬೈದ. ನಾನೂ ಅವನ ಜೊತೆ ಎರಡು ಮಾತು ಬೈದೆ.

ಜೂನ್ 20, ಗುರುವಾರ

ಶಾಲೆಗೆ ಹೋಗಿ ಬಂದೆ. ಹೆಂಚು ಸೋರುತ್ತದೆಯಂತೆ. ಶನಿವಾರ ಶನಿವಾರ ನಾಲ್ಕೈದು ಜನ ಸೇರಿ ಸರಿ ಮಾಡೋಣ ಎಂದು ಆವಲಪ್ಪ, ಚಿಕ್ಕಮುನಿಯಮ್ಮ ಹೇಳುತ್ತಿದ್ದಾರೆ. ಏಣಿ ನನ್ನದು.

ಜೂನ್ 29, ಶನಿವಾರ

ನಾಳೆ ಭಾನುವಾರವಾದ್ದರಿಂದ ಇವತ್ತೇ ಕೊನೆಯ ದಿನ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾವು ನಾಲ್ವರು ನಿವೃತ್ತರು ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದೆವು, ಪಕ್ಕದಲ್ಲಿ ಪರ್ಸನಲ್ ಆಫೀಸರು. ನನ್ನ ಪರವಾಗಿ ಮಾತಾಡಲು ನಲ್ಲಪ್ಪ ಎದ್ದ.

ಚೆನ್ನಾಗಿ ಮಾತಾಡಿದ. ಶಾಲೆ, ಮೇಕೆ, ಮೇಷ್ಟ್ರು ಎಲ್ಲ ಹೇಳಿ ಜನರನ್ನು ನಗಿಸಿದ. ಆಮೇಲೆ ಅವನ ದನಿ ಏರಿತು. “ಇವ್ನು ನನ್‌ಗಿಂತ ಎಲ್ಡು ವರ್ಸ ಚಿಕ್ಕೋನು ಸಾರ್. ನಾನೇ ಸಾಕ್ಸಿ ಬರ್ಕೊಟ್ಟಿದ್ದೆ. ನಿಮ್ಮ ಆಪೀಸ್ನೋರು ಟೈಮ್ ಆಗೋಯ್ತು ಅಂತ ವಾಪಸ್ ಕಳ್ಸಿದ್ರಿ. ಇದು ನ್ಯಾಯಾನಾ?”

ಆಫೀಸರು ಹುಬ್ಬು ಗಂಟಿಕ್ಕಿದರು. “ಯಾವ ಕಾಗದ? ನಮಗೆ ಯಾವುದೂ ಬಂದಿಲ್ಲವಲ್ಲ” ಅಂದರು. ಆಮೇಲೆ ಕುತೂಹಲದಿಂದ, “ಇರಲಿ, ಅವರು ನಿಮಗಿಂತ ಎರಡು ವರ್ಷ ಚಿಕ್ಕವರು ಅಂದರೆ, ನಿಮಗೆಷ್ಟಾಯಿತು ನಲ್ಲಪ್ಪ?” ಅಂದರು.

ನಲ್ಲಪ್ಪ ಹೇಳಲು ಬಾಯಿ ತೆಗೆದ. ನಾನು ಹಾರ ಸಮೇತ ಎದ್ದು ಅವನ ಕೈಯಿಂದ ಮೈಕು ಕಿತ್ತುಕೊಂಡೆ.

“ನಾನು ಯಾವ ಕಾಗದಾನೂ ಕೊಟ್ಟಿಲ್ಲ ಸಾರ್. ಕೊಡೋಕೆ ಏನೂ ಇರ್ಲಿಲ್ಲ. ಇವನಿಗಿಂತ ಎರಡು ವರ್ಷ ಮುಂಚೆ ಸ್ಕೂಲಿಗೆ ಸೇರಿದೋನು ನಾನು, ಎರಡು ವರ್ಷ ದೊಡ್ಡೋನೂ ನಾನೇ. ರಿಜಿಸ್ಟರ್‌ನಲ್ಲೂ ಹಾಗೇ ಇದೆ. ಇವನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ, ಲೆಕ್ಕ ಮಾತ್ರ ಮೊದ್ಲಿಂದ್ಲೂ ಬರಲ್ಲ” ಅಂದೆ.

ಕ್ಯಾಂಟೀನು ತುಂಬ ನಗು. ಆಫೀಸರೂ ನಕ್ಕರು. ನಲ್ಲಪ್ಪ ಮಾತ್ರ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತ. ಕೊನೆಯವರೆಗೂ ತಲೆ ಎತ್ತಲಿಲ್ಲ, ಜಾಮೂನೂ ತಿನ್ನಲಿಲ್ಲ.

ಗೇಟಿನಲ್ಲಿ ಪಾಸು ಒಪ್ಪಿಸಿದೆ. ನಲ್ಲಪ್ಪ ಸೈಕಲ್ ಹತ್ತದೆ ನನ್ನ ಪಕ್ಕದಲ್ಲೇ ತಳ್ಳಿಕೊಂಡು ಬಂದ. ನಮ್ಮ ಬೀದಿಯ ತಿರುವು ಬಂದಾಗ ನಿಂತ. ಹ್ಯಾಂಡಲ್ಲಿನ ಬೆಲ್ಲನ್ನು ಬೆರಳಿನಲ್ಲಿ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದ.

“ನಾಳೆ ಮದ್ಯಾನ ಊಟಕ್ಕೆ ಮನೆಗ್ ಬಾರಣ್ಣ. ಅತ್ತಿಗೇನೂ ಕರ್ಕೊಂಡ್ ಬಾ.”

ನನಗಿಂತ ಎರಡು ವರ್ಷ ಮೊದಲು ಹುಟ್ಟಿದವನು, ಐವತ್ತು ವರ್ಷದಿಂದ ನನ್ನನ್ನು ‘ಲೋ’ ಎಂದೇ ಕರೆದವನು. ನಾನು ತಿದ್ದಲು ಹೋಗಲಿಲ್ಲ. “ಆಯ್ತು ಕಣಪ್ಪ, ಬರ್ತೀವಿ” ಅಂದೆ.